‘ಯಾವ ಸಾಲಿನಲ್ಲಿದೆ?’: 6ರಿಂದ 8ನೇ ತರಗತಿಯ ಮಕ್ಕಳಿಗೆ ಸಾಹಿತ್ಯ ವಿಶ್ಲೇಷಣೆ ಕಲಿಸುವ ಬಗೆ

ಆರನೇ ತರಗತಿಯ ಮಗುವಿಗೆ ಒಂದು ಕಥೆ ಓದಿಸಿ “ಇದರ ಬಗ್ಗೆ ಬರೆ” ಅಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಬರುತ್ತದೆ. ಒಂದೋ ಅದೇ ಕಥೆ ಮತ್ತೊಮ್ಮೆ, ಸ್ವಲ್ಪ ಚಿಕ್ಕದಾಗಿ. ಇಲ್ಲವೇ “ಈ ಕಥೆಯಿಂದ ನಾವು ಪ್ರಾಮಾಣಿಕರಾಗಿರಬೇಕೆಂದು ತಿಳಿಯುತ್ತದೆ” ಎಂಬ ನೀತಿವಾಕ್ಯ. ಇದರಲ್ಲಿ ಮಗುವಿನ ತಪ್ಪಿಲ್ಲ. ಚಿಕ್ಕಂದಿನಿಂದ ದೊಡ್ಡವರು ಕೇಳುತ್ತ ಬಂದಿರುವುದೇ ಈ ಎರಡು ಪ್ರಶ್ನೆ: ಕಥೆಯಲ್ಲಿ ಏನಾಯಿತು, ಇದರಿಂದ ಏನು ಕಲಿತೆ. ವಿಶ್ಲೇಷಣೆಗೆ ಬೇಕಾದದ್ದು ಮೂರನೆಯ ಪ್ರಶ್ನೆ: ಬರೆದವರು ಇದನ್ನು ಹೀಗೇ ಯಾಕೆ ಹೇಳಿದರು, ಅದು ನಿನಗೆ ಯಾವ ಸಾಲಿನಲ್ಲಿ ಕಂಡಿತು?

ಇಲ್ಲಿ ಹೇಳಿರುವ ಕ್ರಮವೆಲ್ಲ ಆ ಕೊನೆಯ ತುಂಡಿನ ಮೇಲೆ ನಿಂತಿದೆ. ಮಗು ಏನೇ ಹೇಳಲಿ, ಬೆರಳಿಟ್ಟು ತೋರಿಸುವ ಒಂದು ಪದ ಇರಬೇಕು. ಉಪಮೆ, ರೂಪಕ, ಆಶಯ, ನಿರೂಪಕ ಇವೆಲ್ಲ ಆಮೇಲಿನ ಮಾತು. ಬೆರಳಿಡುವ ಅಭ್ಯಾಸ ಇಲ್ಲದೆ ಪರಿಭಾಷೆ ಕಲಿತ ಮಗು ಹೆಸರು ಹಚ್ಚುತ್ತದೆ ಅಷ್ಟೆ, ಓದುವುದಿಲ್ಲ.

ಪಠ್ಯ ಆರಿಸುವಾಗ

ಮೊದಲ ಎರಡು ವಾರಕ್ಕೆ 40ರಿಂದ 150 ಪದಗಳ ಗದ್ಯ ಸಾಕು. ಇಷ್ಟು ಚಿಕ್ಕದೇ ಎಂದು ಅನುಮಾನ ಬರಬಹುದು. ಆದರೆ ಒಂದೇ ಪೀರಿಯಡ್‌ನಲ್ಲಿ ಮೂರು ಸಲ ಓದಬೇಕಾದರೆ ಇದಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. ಒಂದೇ ಸಲ ಓದಿದ ಪಠ್ಯದ ಮೇಲೆ ವಿಶ್ಲೇಷಣೆ ನಡೆಯುವುದೂ ಇಲ್ಲ. ಪದ್ಯವಾದರೆ 8ರಿಂದ 16 ಸಾಲು. ಎಂಟನೇ ತರಗತಿಯ ಕೊನೆಗೆ 600–800 ಪದಗಳ ಕಥೆಗೆ ಬರಬಹುದು.

ಆರಿಸುವಾಗ ಮೂರು ಸಂಗತಿ ನೋಡಿ. ಒಂದು, ಹೇಳದೆ ಬಿಟ್ಟ ಮಾತು ಇರಬೇಕು. ಕೊನೆಯಲ್ಲಿ ನೀತಿಯನ್ನು ಬಾಯಿಬಿಟ್ಟು ಹೇಳಿಬಿಡುವ ಕಥೆಯಲ್ಲಿ ಮಗುವಿಗೆ ಉಳಿಯುವ ಕೆಲಸ ಕಡಿಮೆ. ಎರಡು, ಗೊತ್ತಿಲ್ಲದ ಪದಗಳು ನೂರಕ್ಕೆ ನಾಲ್ಕೈದಕ್ಕಿಂತ ಹೆಚ್ಚಿರಬಾರದು. ಹೆಚ್ಚಾದರೆ ಇಡೀ ಪೀರಿಯಡ್ ಅರ್ಥ ಹೇಳುವುದರಲ್ಲೇ ಮುಗಿಯುತ್ತದೆ. ಹಳಗನ್ನಡ, ನಡುಗನ್ನಡದ ಭಾಗಗಳನ್ನು ಮೊದಲಿಗೆ ಹಿಡಿಯಬೇಡಿ ಎನ್ನುವುದೂ ಇದಕ್ಕೇ. ಅವುಗಳಲ್ಲಿ ಬಿಡಿಸುವ ಶ್ರಮವೇ ವಿಶ್ಲೇಷಣೆಯ ಜಾಗವನ್ನು ತಿಂದುಹಾಕುತ್ತದೆ. ಮೂರು, ಕನಿಷ್ಠ ಎರಡು ಬಗೆಯಾಗಿ ಓದಲು ಬರಬೇಕು. ತರಗತಿಯಲ್ಲಿ ಇಬ್ಬರಾದರೂ ಪ್ರಾಮಾಣಿಕವಾಗಿ ಬೇರೆ ಬೇರೆ ಅಭಿಪ್ರಾಯ ತಳೆಯಲು ಸಾಧ್ಯವಾದರೆ ಮಾತ್ರ ಚರ್ಚೆಗೆ ಜೀವ ಬರುತ್ತದೆ.

ಪಠ್ಯವನ್ನು ಬೋರ್ಡಿನ ಮೇಲೋ ಹಾಳೆಯ ಮೇಲೋ ಬರೆಯುವಾಗ ಪ್ರತಿ ವಾಕ್ಯಕ್ಕೂ ಸಂಖ್ಯೆ ಹಾಕಿ. ಚಿಕ್ಕ ಕೆಲಸವಾದರೂ ಇದನ್ನು ಬಿಟ್ಟರೆ “ಅಲ್ಲೆಲ್ಲೋ ಮಧ್ಯದಲ್ಲಿ ಇದೆ ಮಿಸ್” ಎಂಬ ಉತ್ತರವೇ ಬರುತ್ತಿರುತ್ತದೆ.

ಮುಂದಿನ ಹಂತಗಳಿಗೆಲ್ಲ ಈ ತುಣುಕನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ತರಗತಿಯಲ್ಲಿ ಹಾಗೇ ಬಳಸಬಹುದು.

1. ಅಪ್ಪ ಮನೆ ಸೇರಿದಾಗ ಕತ್ತಲಾಗಿತ್ತು.
2. ಸುಮಾ ಬಾಗಿಲಲ್ಲೇ ನಿಂತಿದ್ದಳು.
3. “ಊಟ ಆಯ್ತಾ?” ಎಂದು ಕೇಳಿದ.
4. “ಆಯ್ತು” ಅಂದಳು.
5. ಅಡುಗೆಮನೆಯಲ್ಲಿ ಎರಡು ತಟ್ಟೆ ಬೋರಲಾಗಿದ್ದವು.
6. ಅಪ್ಪ ಚೀಲವನ್ನು ಗೋಡೆಯ ಮೊಳೆಗೆ ತೂಗುಹಾಕಿದ.
7. ಹೋದ ವಾರ ಚೀಲದ ಭಾರಕ್ಕೆ ಬಾಗಿದ್ದ ಮೊಳೆ ಇವತ್ತು ಅಲ್ಲಾಡಲಿಲ್ಲ.
8. ಸುಮಾ ಚೀಲದ ಕಡೆ ನೋಡಲಿಲ್ಲ.
9. ಒಂದು ತಟ್ಟೆ ಮಗುಚಿ ನೆಲದ ಮೇಲಿಟ್ಟಳು.
10. ಸ್ವಲ್ಪ ಹೊತ್ತು ನಿಂತು, ಇನ್ನೊಂದನ್ನೂ ಇಟ್ಟಳು.

ಶಿಕ್ಷಕರ ಪೂರ್ವತಯಾರಿ

ತರಗತಿಗೆ ಹೋಗುವ ಮೊದಲು ಅರ್ಧ ಗಂಟೆ ಕೊಡಿ. ಪಠ್ಯವನ್ನು ಮೂರು ಸಲ ಓದಿ, ನಿಮ್ಮನ್ನು ತಡೆದು ನಿಲ್ಲಿಸಿದ ಐದು ಜಾಗಗಳನ್ನು ಗುರುತು ಮಾಡಿ. ಮೇಲಿನ ತುಣುಕಿನಲ್ಲಾದರೆ ‘ಬಾಗಿಲಲ್ಲೇ’, ‘ಆಯ್ತು’, ಮೊಳೆ, ‘ನೋಡಲಿಲ್ಲ’, ‘ಇನ್ನೊಂದನ್ನೂ’. ನಿಮ್ಮ ಓದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಅದಕ್ಕೆ ವಿರುದ್ಧವಾದ ಇನ್ನೊಂದು ಓದನ್ನೂ ಬರೆದುಕೊಳ್ಳಿ. ಈ ಎರಡನೆಯ ವಾಕ್ಯ ಬರೆಯದೆ ಹೋದರೆ ಒಂದು ಅಪಾಯವಿದೆ. ನಿಮ್ಮ ಉತ್ತರಕ್ಕೆ ಹತ್ತಿರ ಬಂದ ಮಗುವಿಗೆ ನಿಮಗೇ ಗೊತ್ತಿಲ್ಲದಂತೆ ತಲೆಯಾಡಿಸುತ್ತೀರಿ, ಉಳಿದವರು ಅದನ್ನು ಕಂಡು ಯೋಚಿಸುವುದನ್ನು ನಿಲ್ಲಿಸಿಬಿಡುತ್ತಾರೆ.

ಕೇಳಬೇಕಾದ ಪ್ರಶ್ನೆ ಮೂರೇ ಇರಲಿ. ಹದಿನೈದು ಪ್ರಶ್ನೆಗಳ ಪಟ್ಟಿ ಹಿಡಿದು ಹೋದರೆ ಒಂದರ ಮೇಲೂ ನಿಲ್ಲಲು ಆಗುವುದಿಲ್ಲ.

ಮೊದಲ ಪೀರಿಯಡ್: ಮೂರು ಓದು

ನಲವತ್ತು ನಿಮಿಷವನ್ನು ಹೀಗೆ ಹಂಚಬಹುದು: ಮೊದಲ ಓದು 5 ನಿಮಿಷ, ಎರಡನೇ ಓದು 8, ಜೋಡಿ ಮಾತು 5, ಮೂರನೇ ಓದಿನ ಜೊತೆಗೆ ತರಗತಿಯ ಚರ್ಚೆ 15, ಬರವಣಿಗೆ 7.

ಮೊದಲ ಓದು ಶಿಕ್ಷಕರದು, ಗಟ್ಟಿಯಾಗಿ, ನಿಧಾನವಾಗಿ. ನಡುವೆ ಅರ್ಥ ಹೇಳಬೇಡಿ, ಪ್ರಶ್ನೆ ಕೇಳಬೇಡಿ. ಮುಗಿದ ಮೇಲೆ ಹತ್ತು ಸೆಕೆಂಡು ಸುಮ್ಮನಿರಿ. ಕಿವಿಗೆ ಬಿದ್ದದ್ದು ಒಳಗಿಳಿಯಲು ಅಷ್ಟು ಹೊತ್ತು ಬೇಕು. ಗಟ್ಟಿಯಾಗಿ ಓದುವ ಕೆಲಸವನ್ನು ಮೊದಲ ಸಲವೇ ಮಕ್ಕಳಿಗೆ ಕೊಟ್ಟರೆ ತಡವರಿಸುವ ಮಗುವಿನ ಸಂಕಟದ ಕಡೆಗೇ ಎಲ್ಲರ ಗಮನ ಹೋಗುತ್ತದೆ. ಮಕ್ಕಳು ಓದುವುದು ಎರಡನೇ ದಿನ ಇರಲಿ.

ಎರಡನೇ ಓದು ಮೌನವಾಗಿ, ಕೈಯಲ್ಲಿ ಪೆನ್ಸಿಲ್ ಹಿಡಿದು. ಗುರುತು ಮೂರೇ ಬಗೆ: ಅರ್ಥವಾಗದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ, ವಿಚಿತ್ರ ಅನ್ನಿಸಿದ್ದಕ್ಕೆ ಆಶ್ಚರ್ಯಸೂಚಕ, ಮತ್ತೆ ಮತ್ತೆ ಬಂದದ್ದಕ್ಕೆ ಅಡಿಗೆರೆ. ಪ್ರತಿಯೊಬ್ಬರೂ ಕನಿಷ್ಠ ಮೂರು, ಹೆಚ್ಚೆಂದರೆ ಆರು ಗುರುತು ಹಾಕಬೇಕು. ಮೇಲಿನ ಮಿತಿ ಇಡದಿದ್ದರೆ ಕೆಲವರು ಇಡೀ ಹಾಳೆಗೆ ಅಡಿಗೆರೆ ಎಳೆದು ಕೂರುತ್ತಾರೆ. ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದರಲ್ಲೇ ಯೋಚನೆ ಶುರುವಾಗುತ್ತದೆ.

ಆಮೇಲೆ ಪಕ್ಕದವರ ಜೊತೆ ಮಾತು. ಒಬ್ಬರಿಗೆ ಎರಡು ನಿಮಿಷ, ಇನ್ನೊಬ್ಬರಿಗೆ ಎರಡು ನಿಮಿಷ. ಹೇಳುವವರು ಸಾಲಿನ ಸಂಖ್ಯೆಯಿಂದಲೇ ಆರಂಭಿಸಬೇಕು: “ಏಳನೇ ಸಾಲಿಗೆ ಆಶ್ಚರ್ಯಸೂಚಕ ಹಾಕಿದ್ದೇನೆ, ಯಾಕೆಂದರೆ...” ಹಿಂದಿನ ಬೆಂಚಿನ ಮೌನಿಗಳಿಗೆ ಈ ನಾಲ್ಕು ನಿಮಿಷ ತುಂಬ ಮುಖ್ಯ. ಎಲ್ಲರೆದುರು ಬಾಯಿಬಿಡದ ಮಗು ಒಬ್ಬರೆದುರು ಹೇಳುತ್ತದೆ. ಒಮ್ಮೆ ಹೇಳಿದ ಮಾತನ್ನು ಎರಡನೇ ಸಲ ಎಲ್ಲರ ಮುಂದೆ ಹೇಳುವುದು ಅಷ್ಟು ಕಷ್ಟವಾಗುವುದಿಲ್ಲ.

ಮೂರನೇ ಓದು ಚರ್ಚೆಯ ಒಳಗೇ ನಡೆಯುತ್ತದೆ. ಯಾರಾದರೂ ಒಂದು ಸಾಲು ಎತ್ತಿದಾಗ ಎಲ್ಲರೂ ಆ ಸಾಲಿಗೂ ಅದರ ಹಿಂದುಮುಂದಿನ ಸಾಲುಗಳಿಗೂ ಮರಳುತ್ತಾರೆ.

ಚರ್ಚೆ ನಡೆಸುವುದು

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಮಾತುಕತೆಯನ್ನು ಧ್ವನಿಮುದ್ರಿಸಿ ಅಳೆದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದೇ ಸೆಕೆಂಡು ಕಾಯುತ್ತಿದ್ದರು ಎಂದು ಕಂಡಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ತಾವಾಗಿ ಉತ್ತರಿಸುವವರು ಹೆಚ್ಚಿದರು. ಅವರ ಅಧ್ಯಯನ ನಡೆದದ್ದು ವಿಜ್ಞಾನದ ಪಾಠಗಳಲ್ಲಿ. ಸಾಹಿತ್ಯದ ಪ್ರಶ್ನೆಗೆ ಐದಾರು ಸೆಕೆಂಡು ಕಾದರೂ ಹೆಚ್ಚಲ್ಲ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮೊದಲ ವಾರ ಆ ಮೌನ ನಿಮಗೇ ಕಸಿವಿಸಿ ತರುತ್ತದೆ, ಮಕ್ಕಳಿಗಲ್ಲ.

ಉತ್ತರ ಬಂದ ಕೂಡಲೇ “ಸರಿ”, “ತಪ್ಪು” ಅನ್ನಬೇಡಿ. “ಯಾವ ಸಾಲಿನಲ್ಲಿದೆ?” ಅನ್ನಿ. ಸರಿಯಾದ ಉತ್ತರಕ್ಕೂ ಇದೇ ಪ್ರಶ್ನೆ. ತಪ್ಪಿದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ‘ತಪ್ಪು’ ಎಂಬುದರ ಇನ್ನೊಂದು ಹೆಸರಾಗಿಬಿಡುತ್ತದೆ, ಒಂದೇ ವಾರದಲ್ಲಿ ಮಕ್ಕಳು ಅದನ್ನು ಕಂಡುಹಿಡಿಯುತ್ತಾರೆ.

ಮಾದರಿ ತುಣುಕಿನ ಚರ್ಚೆ ಹೀಗೆ ಸಾಗಬಹುದು. ಒಬ್ಬ, “ಸುಮಾ ಸುಳ್ಳು ಹೇಳಿದಳು” ಅನ್ನುತ್ತಾನೆ. ಯಾವ ಸಾಲು? ನಾಲ್ಕು. ಸುಳ್ಳು ಅಂತ ಹೇಗೆ ಗೊತ್ತಾಯಿತು? “ಐದರಲ್ಲಿ ತಟ್ಟೆ ಬೋರಲಾಗಿದೆ, ಅಂದರೆ ಊಟ ಮಾಡಿಲ್ಲ.” ಇಲ್ಲೇ ಒಪ್ಪಿಬಿಡುವುದು ಸುಲಭ. ತಡೆಯಿರಿ. ಊಟ ಮಾಡಿ ತೊಳೆದಿಟ್ಟ ತಟ್ಟೆಯೂ ಬೋರಲಾಗೇ ಇರುತ್ತದಲ್ಲ? ಯಾರಾದರೂ ಇದನ್ನು ಎತ್ತಬಹುದು, ಎತ್ತದಿದ್ದರೆ ನೀವು ಎತ್ತಿ. ಐದನೇ ಸಾಲು ಒಂಟಿಯಾಗಿ ನಿಲ್ಲುವುದಿಲ್ಲ, ಎರಡೂ ಕಡೆ ವಾಲುತ್ತದೆ. ಅದನ್ನು ಗಟ್ಟಿ ಮಾಡುವುದು ಹತ್ತನೇ ಸಾಲು: ಊಟ ಮುಗಿಸಿದವಳು ಎರಡನೇ ತಟ್ಟೆ ಯಾಕೆ ಇಡುತ್ತಾಳೆ? ಒಂದು ಪುರಾವೆ ಸಾಲದೆ ಎರಡನ್ನು ಜೋಡಿಸಬೇಕಾಗಿ ಬರುವುದನ್ನು ಹೀಗೆ ಕಣ್ಣಾರೆ ತೋರಿಸಿದರೆ, ಮುಂದೆ ಮಕ್ಕಳು ತಾವೇ ಎರಡನೇ ಸಾಲು ಹುಡುಕತೊಡಗುತ್ತಾರೆ.

ಹಾಗಾದರೆ ಸುಳ್ಳು ಯಾಕೆ? ಇಲ್ಲಿ ತರಗತಿ ಒಡೆಯುತ್ತದೆ. ಮನೆಯಲ್ಲಿ ಸಾಕಷ್ಟಿಲ್ಲ, ಅಪ್ಪನಿಗಿರಲಿ ಎಂದು ಹೇಳಿದಳು ಅನ್ನುವವರಿಗೆ ಏಳನೇ ಸಾಲು ಆಧಾರ. ಅಪ್ಪನ ಜೊತೆ ಉಣ್ಣಲು ಕಾದಿದ್ದಳು, ಕಾದೆ ಎಂದು ಹೇಳಿಕೊಳ್ಳಲು ಮನಸ್ಸಾಗಲಿಲ್ಲ ಅನ್ನುವವರಿಗೆ ಎರಡನೇ ಸಾಲು ಆಧಾರ. ಎರಡೂ ನಿಲ್ಲುತ್ತವೆ. ತೀರ್ಪು ಕೊಡಬೇಡಿ. ‘ಸ್ವಲ್ಪ ಹೊತ್ತು ನಿಂತು’ ಎಂಬ ಮಾತು ಯಾರ ಓದಿಗೆ ಹೆಚ್ಚು ಹೊಂದುತ್ತದೆ ಎಂದು ಕೇಳಿ ಬಿಟ್ಟುಬಿಡಿ.

ಒಂದು ಅಕ್ಷರ ತೆಗೆದು ನೋಡುವುದು

ಕನ್ನಡದಲ್ಲಿ ಸಾಹಿತ್ಯ ಕಲಿಸುವವರಿಗೆ ನಮ್ಮ ಭಾಷೆಯೇ ಕೊಟ್ಟ ಒಂದು ಸಾಧನವಿದೆ, ತರಗತಿಗಳಲ್ಲಿ ಅದರ ಬಳಕೆ ತೀರಾ ಕಡಿಮೆ. ಪದದ ಕೊನೆಗೆ ಅಂಟಿಕೊಳ್ಳುವ ‘ಏ’, ‘ಊ’, ‘ಓ’ಗಳಲ್ಲಿ ಮನಸ್ಸಿನ ಎಷ್ಟೋ ಸಂಗತಿ ಅಡಗಿರುತ್ತದೆ.

ಬೋರ್ಡಿನ ಮೇಲೆ ಎರಡು ಸಾಲು ಬರೆಯಿರಿ: ‘ಸುಮಾ ಬಾಗಿಲಲ್ಲಿ ನಿಂತಿದ್ದಳು.’ ‘ಸುಮಾ ಬಾಗಿಲಲ್ಲೇ ನಿಂತಿದ್ದಳು.’ ವ್ಯತ್ಯಾಸ ಏನು ಎಂದು ಕೇಳಿ. ಮೊದಲನೆಯದು ಜಾಗ ಹೇಳುತ್ತದೆ. ಎರಡನೆಯದರಲ್ಲಿ ಕಾಯುವಿಕೆ ಇದೆ. ಬಹಳ ಹೊತ್ತಿನಿಂದ ನಿಂತಿರಬಹುದು, ಒಳಗೆ ಹೋಗಲು ಮನಸ್ಸಿಲ್ಲದಿರಬಹುದು. ಇನ್ನು ಹತ್ತನೇ ಸಾಲಿನ ‘ಇನ್ನೊಂದನ್ನೂ’. ಅದರ ಬದಲು ‘ಇನ್ನೊಂದನ್ನು ಇಟ್ಟಳು’ ಎಂದಿದ್ದರೆ ತಟ್ಟೆಗಳ ಲೆಕ್ಕ ಮಾತ್ರ ಸಿಗುತ್ತಿತ್ತು. ‘ಊ’ ಬಂದದ್ದರಿಂದ ಅವಳು ಒಂದು ತೀರ್ಮಾನಕ್ಕೆ ಬಂದಳು ಎಂದು ತಿಳಿಯುತ್ತದೆ. ವ್ಯಾಕರಣದ ಪಾಠದಲ್ಲಿ ‘ಅವಧಾರಣೆ’ ಎಂದು ಹೆಸರು ಹೇಳಿ ದಾಟಿಹೋಗುವ ‘ಏ’ಕಾರ ಇಲ್ಲಿ ಕಥೆಯ ಕೆಲಸ ಮಾಡುತ್ತಿರುವುದನ್ನು ಮಕ್ಕಳು ಕಾಣುತ್ತಾರೆ. ಪರೀಕ್ಷೆ ಸರಳ. ಪದವನ್ನೋ ಪ್ರತ್ಯಯವನ್ನೋ ತೆಗೆದು ಅಥವಾ ಬದಲಿಸಿ ಓದು. ಏನು ಹೋಯಿತು? ಹೋದದ್ದೇ ಆ ಪದ ಮಾಡುತ್ತಿದ್ದ ಕೆಲಸ.

ಇದೇ ಬಗೆಯಲ್ಲಿ ನೋಡಬೇಕಾದ ಇನ್ನೊಂದು ಜಾಗ ‘ನೀನು–ನೀವು’ ಮತ್ತು ‘ಬಂದ–ಬಂದರು’. ಕಥೆಯ ಗಂಡಹೆಂಡತಿಯೋ ಗೆಳೆಯರೋ ಜಗಳದ ನಡುವೆ ‘ನೀನು’ ಬಿಟ್ಟು ‘ನೀವು’ ಹಿಡಿದರೆ ಅದು ಗೌರವ ಹೆಚ್ಚಿದ್ದಲ್ಲ, ದೂರ ಹೆಚ್ಚಿದ್ದು. ಮಕ್ಕಳಿಗೆ ಇದು ಹೇಳಿಕೊಡದೆಯೇ ಗೊತ್ತಿರುತ್ತದೆ, ದಿನವೂ ಕೇಳುವ ಮಾತು. ಪುಸ್ತಕದಲ್ಲಿ ಕಂಡಾಗ ಗುರುತಿಸಬೇಕು ಎನ್ನುವುದಷ್ಟೇ ಹೊಸದು. ಪಾತ್ರಗಳು ಒಂದು ಪ್ರಾದೇಶಿಕ ನುಡಿಯಲ್ಲಿ ಮಾತಾಡಿ ನಿರೂಪಣೆ ಶಿಷ್ಟ ಕನ್ನಡದಲ್ಲಿದ್ದರೆ ಅದನ್ನೂ ಕೇಳಿ: ಎರಡು ಭಾಷೆ ಯಾಕೆ, ಯಾವಾಗ ಒಂದು ಇನ್ನೊಂದರೊಳಗೆ ನುಗ್ಗುತ್ತದೆ?

ಹೇಳದೆ ಹೇಳುವುದು

‘ಇದರಲ್ಲಿ ಬಡತನ ಅಂತ ಎಲ್ಲೂ ಬರೆದಿಲ್ಲವಲ್ಲ’ ಎಂದು ಒಂದು ಮಗುವಾದರೂ ಕೇಳುತ್ತದೆ. ಕೇಳಲೇಬೇಕಾದ ಪ್ರಶ್ನೆ ಅದು. ಉತ್ತರಕ್ಕೆ ಭಾರತೀಯ ಕಾವ್ಯಮೀಮಾಂಸೆಯ ಹಳೆಯ ಉದಾಹರಣೆ ತುಂಬ ಅನುಕೂಲ: ‘ಸೂರ್ಯ ಮುಳುಗಿದ.’ ಮಾತು ಒಂದೇ. ದನ ಕಾಯುವವನಿಗೆ ಮನೆ ಕಡೆ ಹೊರಡುವ ಹೊತ್ತು, ಕಳ್ಳನಿಗೆ ಕೆಲಸ ಶುರುವಾಗುವ ಹೊತ್ತು, ಕಾಯುತ್ತ ಕೂತ ತಾಯಿಗೆ ಮಗ ಇನ್ನೂ ಬಂದಿಲ್ಲ ಎಂಬ ಕಳವಳ. ಮಾತಿನ ನೇರ ಅರ್ಥ ವಾಚ್ಯ, ಅದು ಹೊಳೆಯಿಸುವ ಅರ್ಥ ಧ್ವನಿ. 9ನೇ ಶತಮಾನದ ಕಾಶ್ಮೀರದ ಆನಂದವರ್ಧನ ಕಾವ್ಯದ ಜೀವವೇ ಈ ಧ್ವನಿ ಎಂದು ವಾದಿಸಿದ. ಏಳನೇ ತರಗತಿಗೆ ಇಷ್ಟು ಸಾಕು, ಸಿದ್ಧಾಂತ ಬೇಡ.

ಚಟುವಟಿಕೆ: ತರಗತಿಯನ್ನು ನಾಲ್ಕು ಗುಂಪು ಮಾಡಿ ‘ಬಸ್ಸು ಹೊರಟಿತು’ ಎಂಬ ಒಂದೇ ವಾಕ್ಯ ಕೊಡಿ. ಪ್ರತಿ ಗುಂಪಿಗೂ ಬೇರೆ ಬೇರೆ ಆಡುವವರು: ಬೀಳ್ಕೊಡಲು ಬಂದ ಅಕ್ಕ, ತಡವಾಗಿ ಓಡಿಬಂದ ಪ್ರಯಾಣಿಕ, ಮನೆ ಬಿಟ್ಟು ಹೊರಟ ಹುಡುಗ, ಕೊನೆಯ ಟ್ರಿಪ್ಪಿನ ಚಾಲಕ. ಆ ವಾಕ್ಯದ ಮುಂಚೆ ಎರಡು ಸಾಲು ಬರೆದು ಅದಕ್ಕೆ ಬೇರೆ ಧ್ವನಿ ಬರುವಂತೆ ಮಾಡಬೇಕು. ಹತ್ತು ನಿಮಿಷದ ಈ ಕೆಲಸದಲ್ಲಿ, ಧ್ವನಿ ಎಲ್ಲಿಂದಲೋ ಉದುರುವುದಿಲ್ಲ, ಸುತ್ತಲಿನ ಸಾಲುಗಳೇ ಅದನ್ನು ಕಟ್ಟುತ್ತವೆ ಎಂಬುದು ಕೈಗೆ ಸಿಗುತ್ತದೆ. ‘ಸಾಹಿತ್ಯದಲ್ಲಿ ಯಾರು ಏನು ಬೇಕಾದರೂ ಹೇಳಬಹುದು’ ಎಂಬ ತಪ್ಪು ಕಲ್ಪನೆಗೂ ಇದೇ ಮದ್ದು.

ಏಕೆಂದರೆ ಆ ತಪ್ಪೂ ಆಗುತ್ತದೆ. ಉತ್ಸಾಹ ಬಂದ ಮಕ್ಕಳು “ಅಪ್ಪ ಕಳ್ಳ, ಚೀಲದಲ್ಲಿ ಕದ್ದ ಮಾಲಿತ್ತು” ಎಂದು ಕಟ್ಟತೊಡಗುತ್ತಾರೆ. ಗದರಬೇಡಿ. ಮೂರು ಪ್ರಶ್ನೆಯಿಂದ ಅವರೇ ತೂಗಿನೋಡಲಿ: ಇದಕ್ಕೆ ಸಾಲು ಇದೆಯೇ? ಇದಕ್ಕೆ ಎದುರಾಡುವ ಸಾಲು ಇದೆಯೇ? ಇದನ್ನು ಒಪ್ಪಿದರೆ ಹೆಚ್ಚು ಸಾಲುಗಳು ಅರ್ಥವಾಗುತ್ತವೆಯೋ, ಕಡಿಮೆಯೋ? ಕಳ್ಳನ ಓದಿನಲ್ಲಿ ತಟ್ಟೆಗಳ ಸಾಲುಗಳು ಕೆಲಸವಿಲ್ಲದೆ ಬಿದ್ದಿರುತ್ತವೆ. ಹೆಚ್ಚು ಸಾಲುಗಳನ್ನು ಜೊತೆಗೆ ಕರೆದೊಯ್ಯುವ ಓದು ಮೇಲಿನದು.

ಪರಿಭಾಷೆಗೆ ಹೊತ್ತು ಬಂದಾಗ

ಮೂರನೇ ವಾರದ ಹೊತ್ತಿಗೆ ಮಕ್ಕಳಿಗೆ ಹೆಸರುಗಳು ಬೇಕಾಗುತ್ತವೆ. ಒಂದು ವಾರಕ್ಕೆ ಎರಡೇ ಹೆಸರು ಕೊಡಿ.

ಅಲಂಕಾರದಲ್ಲಿ ದೊಡ್ಡ ತೊಡಕು ಏನೆಂದರೆ ಗುರುತಿಸುವುದೇ ಗುರಿಯಾಗಿಬಿಡುವುದು. ‘ಬಾವಿಯಂಥ ಮೌನ’ ಕಂಡ ಮಗು “ಉಪಮಾಲಂಕಾರ, ಉಪಮೇಯ ಮೌನ, ಉಪಮಾನ ಬಾವಿ” ಎಂದು ಬರೆದು ಪೆನ್ನು ಕೆಳಗಿಡುತ್ತದೆ. ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ. ಬಾವಿಯ ಗುಣಗಳನ್ನೆಲ್ಲ ಬೋರ್ಡಿನ ಮೇಲೆ ಬರೆಸಿ: ಆಳ, ಕತ್ತಲೆ, ತಂಪು, ಕಲ್ಲು ಹಾಕಿದರೆ ತಡವಾಗಿ ಬರುವ ಸದ್ದು, ಇಣುಕಿದರೆ ಭಯ, ತಳದಲ್ಲಿ ನೀರು. ಆ ಪದ್ಯಕ್ಕೆ ಹೊಂದದ್ದನ್ನು ಒಂದೊಂದಾಗಿ ಹೊಡೆದುಹಾಕಿಸಿ. ಉಳಿದದ್ದರ ಮೇಲೆ ಮಾತಾಡಿ. ಕೊನೆಗೆ, ‘ಮರುಭೂಮಿಯಂಥ ಮೌನ’ ಅಂದಿದ್ದರೆ ಏನು ಬದಲಾಗುತ್ತಿತ್ತು ಎಂದು ಕೇಳಿ. ಬಾವಿಯ ತಳದಲ್ಲಿ ನೀರಿದೆ, ಅಂದರೆ ಆ ಮೌನದ ಒಳಗೆ ಏನೋ ಇದೆ ಎಂಬ ಮಾತು ಸಾಮಾನ್ಯವಾಗಿ ಈ ಹೊತ್ತಿಗೆ ಬರುತ್ತದೆ.

ಛಂದಸ್ಸಿಗೂ ಇದೇ ಮಾತು. ಪ್ರಸ್ತಾರ ಹಾಕುವುದು ಅಳತೆ, ವಿಶ್ಲೇಷಣೆಯಲ್ಲ. ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳಲ್ಲಿ ತಲಾ 14 ಮಾತ್ರೆ, 3 ಮತ್ತು 6ನೇ ಸಾಲುಗಳಲ್ಲಿ 23. ಎಣಿಸಿದ ಮೇಲೆ ಕೇಳಬೇಕಾದದ್ದು: ಉದ್ದ ಸಾಲು ಬಂದಾಗ ಕವಿ ಅಲ್ಲಿ ಏನಿಟ್ಟಿದ್ದಾನೆ? ಮಾತು ಅಲ್ಲಿಗೆ ಮುಗಿಯಿತೋ, ಮುಂದಿನ ಸಾಲಿಗೆ ಚಾಚಿತೋ? ಎರಡು ಸಲ ಗಟ್ಟಿಯಾಗಿ ಓದಿಸಿದರೆ ಉಸಿರು ಎಲ್ಲಿ ನಿಲ್ಲುತ್ತದೆ ಎಂಬುದರಿಂದಲೇ ಉತ್ತರ ಸಿಗುತ್ತದೆ. ಪ್ರಾಸವಿಲ್ಲದ ಹೊಸ ಪದ್ಯಗಳಲ್ಲಿ ಸಾಲು ಮುರಿದ ಜಾಗ ನೋಡಿಸಿ. ಸಾಲಿನ ಕೊನೆಯಲ್ಲಿ ನಿಂತ ಪದಕ್ಕೆ ಒಂದು ಕ್ಷಣ ಹೆಚ್ಚು ತೂಕ ಬರುತ್ತದೆ.

ನಿರೂಪಕ ಮತ್ತು ಲೇಖಕ ಬೇರೆ ಎಂಬುದನ್ನು ಈ ವಯಸ್ಸಿನವರು ಕಷ್ಟಪಟ್ಟೇ ಒಪ್ಪುತ್ತಾರೆ. ‘ನಾನು’ ಎಂದು ಶುರುವಾದ ಕಥೆಯೆಲ್ಲ ಲೇಖಕರ ಜೀವನ ಎಂದೇ ನಂಬಿರುತ್ತಾರೆ. ವಿವರಿಸಿ ಹೇಳುವ ಬದಲು ಬರೆಯಿಸಿ: ಮಾದರಿ ತುಣುಕನ್ನು ಸುಮಾಳ ‘ನಾನು’ವಿನಲ್ಲಿ ಬರೆಯಲಿ. ಎಂಟನೇ ಸಾಲಿಗೆ ಬಂದಾಗ ಪೇಚು ಎದುರಾಗುತ್ತದೆ. ‘ನಾನು ಚೀಲದ ಕಡೆ ನೋಡಲಿಲ್ಲ’ ಎಂದು ಬರೆದರೆ, ಮೊಳೆ ಅಲ್ಲಾಡದ್ದನ್ನು ಕಂಡವರು ಯಾರು? ಮೊದಲೇ ಮೊಳೆ ನೋಡಿ ಗೊತ್ತಾದ್ದರಿಂದ ಚೀಲ ನೋಡುವ ಅಗತ್ಯವೇ ಬೀಳಲಿಲ್ಲವೇ? ಅಥವಾ ಕಂಡದ್ದು ನಿರೂಪಕನೊಬ್ಬನಿಗೇ? ಯಾರ ಕಣ್ಣು ಎಂಬ ಪ್ರಶ್ನೆ ಇಷ್ಟು ಹತ್ತಿರದಿಂದ ಒಮ್ಮೆ ಹೊಳೆದರೆ ಮತ್ತೆ ಮರೆಯುವುದಿಲ್ಲ.

ಆಶಯದ ವಿಷಯದಲ್ಲಿ ಒಂದೇ ನಿಯಮ: ಒಂದು ಪದದ ಉತ್ತರ ನಡೆಯುವುದಿಲ್ಲ. ‘ಬಡತನ’, ‘ಪ್ರೀತಿ’ ಇವು ವಸ್ತು. ಆ ವಸ್ತುವಿನ ಬಗ್ಗೆ ಈ ಬರಹ ಏನನ್ನುತ್ತಿದೆ ಎಂಬ ಪೂರ್ತಿ ವಾಕ್ಯ ಬೇಕು. ‘ಬೇಕು’, ‘ಬಾರದು’ ಎಂದು ಆ ವಾಕ್ಯ ಮುಗಿದರೆ ಅದು ನೀತಿಗೆ ಜಾರಿದೆ ಎಂದು ತಿಳಿಯಿರಿ.

ಬರವಣಿಗೆ: ಹೇಳಿಕೆ, ಪುರಾವೆ, ಕೊಂಡಿ

ಬಾಯಲ್ಲಿ ಚೆನ್ನಾಗಿ ಹೇಳಿದ ಮಗು ಬರೆಯುವಾಗ ಮತ್ತೆ ಸಾರಾಂಶಕ್ಕೆ ಇಳಿಯುತ್ತದೆ. ಅದಕ್ಕೇ ಮೊದಲ ತಿಂಗಳು ಪ್ರಬಂಧ ಬೇಡ, ಮೂರು ವಾಕ್ಯ ಸಾಕು. ಮೊದಲನೆಯದು ಹೇಳಿಕೆ: ನಿನ್ನ ಅಭಿಪ್ರಾಯ. ಎರಡನೆಯದು ಪುರಾವೆ: ಸಾಲಿನಿಂದ ಎತ್ತಿದ ಮಾತು, ಉದ್ಧರಣ ಚಿಹ್ನೆಯೊಳಗೆ, ನಾಲ್ಕೈದು ಪದಕ್ಕಿಂತ ಹೆಚ್ಚಿಲ್ಲ. ಮೂರನೆಯದು ಕೊಂಡಿ: ಆ ಪದದಿಂದ ಈ ಅಭಿಪ್ರಾಯಕ್ಕೆ ಹೇಗೆ ಬಂದೆ.

ಕೊಂಡಿಯೇ ಎಲ್ಲಕ್ಕಿಂತ ಕಷ್ಟ. ಮಕ್ಕಳಿಗೆ ಅದು ಬೇಡವೆನಿಸುತ್ತದೆ. ಸಾಲು ತೋರಿಸಿದ್ದೇನಲ್ಲ, ಓದಿದವರಿಗೆ ಗೊತ್ತಾಗುವುದಿಲ್ಲವೇ? ಮೂರು ಉತ್ತರ ಪಕ್ಕಪಕ್ಕದಲ್ಲಿಟ್ಟು ತೋರಿಸಿ.

ಮೊದಲನೆಯದು: “ಸುಮಾ ಒಳ್ಳೆಯ ಹುಡುಗಿ. ಅಪ್ಪ ಬಂದಾಗ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ತಟ್ಟೆ ಇಟ್ಟಳು.” ಇದು ಕಥೆ ಹೇಳಿದ್ದು.

ಎರಡನೆಯದು: “ಸುಮಾಳಿಗೆ ಮನೆಯ ಕಷ್ಟ ಗೊತ್ತು. ‘ಮೊಳೆ ಇವತ್ತು ಅಲ್ಲಾಡಲಿಲ್ಲ’ ಎಂದು ಬರೆದಿದ್ದಾರೆ. ಇದರಿಂದ ಅವಳಿಗೆ ಕಷ್ಟ ಗೊತ್ತು ಎಂದು ತಿಳಿಯುತ್ತದೆ.” ಹೇಳಿಕೆ ಇದೆ, ಪುರಾವೆ ಇದೆ. ಮೂರನೇ ವಾಕ್ಯ ಮೊದಲನೆಯದನ್ನೇ ಮತ್ತೆ ಹೇಳುತ್ತಿದೆ. ಹೆಚ್ಚಿನ ಮಕ್ಕಳು ಸಿಕ್ಕಿಕೊಳ್ಳುವುದು ಇಲ್ಲೇ.

ಮೂರನೆಯದು: “ಸುಮಾಳಿಗೆ ಮನೆಯ ಕಷ್ಟ ಗೊತ್ತು, ಆದರೆ ಅಪ್ಪನಿಗೆ ಅದನ್ನು ತೋರಿಸಿಕೊಳ್ಳುವುದಿಲ್ಲ. ಮೊಳೆ ‘ಅಲ್ಲಾಡಲಿಲ್ಲ’ ಎಂದ ಕೂಡಲೇ ಅವಳು ಚೀಲದ ಕಡೆ ‘ನೋಡಲಿಲ್ಲ’ ಎಂದು ಬರುತ್ತದೆ. ಮನೆಗೆ ಏನಾದರೂ ತಂದಾಗ ಚೀಲ ನೋಡುವುದು ಸಹಜ. ನೋಡದೆ ಇರಬೇಕಾದರೆ, ಅದು ಹಗುರವಾಗಿದೆ ಎಂದು ಅವಳಿಗೆ ಮೊದಲೇ ಗೊತ್ತಿರಬೇಕು, ಅಪ್ಪನಿಗೆ ಮುಜುಗರವಾಗಬಾರದು ಎಂದೂ ಅನ್ನಿಸಿರಬೇಕು.” ಕೊಂಡಿ ಎರಡು ವಾಕ್ಯಕ್ಕೆ ಬೆಳೆದಿದೆ, ಬೆಳೆಯಲಿ.

ಕೊಂಡಿ ಹುಟ್ಟಿಸಲು ಮೂರು ಆರಂಭಗಳನ್ನು ಗೋಡೆಗೆ ಅಂಟಿಸಿ: ‘ಈ ಪದದ ಬದಲು … ಎಂದಿದ್ದರೆ’, ‘ಸಾಮಾನ್ಯವಾಗಿ … ಆದರೆ ಇಲ್ಲಿ’, ‘ಇದಕ್ಕೂ … ನೇ ಸಾಲಿಗೂ ಸಂಬಂಧವೆಂದರೆ’. ನಾಲ್ಕು ವಾರದ ಮೇಲೆ ಆ ಚೀಟಿ ತೆಗೆದುಬಿಡಿ. ಇಟ್ಟೇ ಇದ್ದರೆ ಎಲ್ಲರ ಬರಹವೂ ಒಂದೇ ಅಚ್ಚಿನದಾಗುತ್ತದೆ.

ಅಂಕ ಕೊಡುವುದಾದರೆ ಹತ್ತರಲ್ಲಿ ಹೇಳಿಕೆಗೆ 2, ಪುರಾವೆಗೆ 3, ಕೊಂಡಿಗೆ 4, ವಾಕ್ಯ ಮತ್ತು ಕಾಗುಣಿತಕ್ಕೆ 1. ಕಾಗುಣಿತಕ್ಕೆ ಒಂದೇ ಅಂಕ ಯಾಕೆಂದರೆ, ಇಲ್ಲಿ ಕೆಂಪು ಶಾಯಿ ಹೆಚ್ಚಾದಷ್ಟೂ ಮಗು ಬರೆಯಬಲ್ಲ ಪದಗಳಲ್ಲಿ ಮಾತ್ರ ಯೋಚಿಸತೊಡಗುತ್ತದೆ. ತಿದ್ದುವಾಗ ಪ್ರತಿ ಹಾಳೆಗೆ ಒಂದೇ ಟಿಪ್ಪಣಿ, ಅದೂ ಪ್ರಶ್ನೆಯಾಗಿ: “7ನೇ ಸಾಲಿಂದ ಇಲ್ಲಿಗೆ ಹೇಗೆ ಬಂದೆ?” ‘ಚೆನ್ನಾಗಿದೆ’ ಎಂದು ಬರೆದರೆ ಮುಂದೇನು ಮಾಡಬೇಕೆಂದು ಯಾರಿಗೂ ತಿಳಿಯುವುದಿಲ್ಲ.

ಗೈಡಿನಿಂದ ನಕಲು ಮಾಡಿದ ಉತ್ತರವನ್ನು ತಡೆಯುವ ದಾರಿ ಗದರಿಕೆಯಲ್ಲ. ಗೈಡಿನಲ್ಲಿ ಇರದ ಪಠ್ಯ ಕೊಡುವುದು, ಮನೆಗೆ ಕಳಿಸದೆ ತರಗತಿಯಲ್ಲೇ ಏಳೆಂಟು ನಿಮಿಷದಲ್ಲಿ ಬರೆಸುವುದು. ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಗೂ ಇದೇ ತಯಾರಿ ಸಾಕಾಗುತ್ತದೆ. ಸ್ವಾರಸ್ಯ ಎನ್ನುವುದು ಕೊಂಡಿಯ ಇನ್ನೊಂದು ಹೆಸರು.

ಹಿಂದೆ ಬೀಳುವವರು, ಮುಂದೆ ಓಡುವವರು

ನಿಧಾನವಾಗಿ ಓದುವ ಮಗುವಿಗೆ ಸುಲಭದ ಪಠ್ಯ ಕೊಡಬೇಡಿ, ಅದೇ ಪಠ್ಯದ ಮೂರು ಸಾಲು ಕೊಡಿ. ಹಿಂದಿನ ದಿನವೇ ಯಾರಾದರೂ ಒಮ್ಮೆ ಓದಿ ಹೇಳಲಿ. ಚರ್ಚೆಗೆ ಬೇಕಾದದ್ದು ಗಮನಿಸುವ ಶಕ್ತಿ, ಓದಿನ ವೇಗವಲ್ಲ. ಮನೆಮಾತು ಕನ್ನಡವಲ್ಲದ ಮಕ್ಕಳಿಗೆ ಮೊದಲು ತಮ್ಮ ಮಾತಿನಲ್ಲೇ ಜೋಡಿಯೊಂದಿಗೆ ಯೋಚಿಸಲು ಬಿಡಿ. ‘ಬಾಗಿಲಲ್ಲೇ’ ಎಂಬುದನ್ನು ನಿಮ್ಮ ಭಾಷೆಯಲ್ಲಿ ಹೇಗೆ ಹೇಳುತ್ತೀರಿ ಎಂದು ಕೇಳಿದರೆ ಇಡೀ ತರಗತಿಗೇ ಲಾಭ.

ಬೇಗ ಮುಗಿಸುವವರಿಗೆ ಇನ್ನೊಂದು ಪಠ್ಯ ಬೇಡ. ತಮ್ಮ ಹೇಳಿಕೆಗೆ ಎದುರಾಗುವ ಸಾಲನ್ನು ಹುಡುಕಿ ಅದಕ್ಕೆ ಉತ್ತರ ಬರೆಯಲಿ. ಜಾಣ ಮಕ್ಕಳು ತಮ್ಮ ಮೊದಲ ಯೋಚನೆಗೆ ಬೇಗ ಅಂಟಿಕೊಳ್ಳುತ್ತಾರೆ.

ಆರು ವಾರದ ಕ್ರಮ

ವಾರಕ್ಕೆ ಎರಡು ಪೀರಿಯಡ್ ಸಿಕ್ಕರೆ ಒಟ್ಟು ಹನ್ನೆರಡು. ಮೊದಲ ವಾರ ಶಿಕ್ಷಕರು ತಮ್ಮ ಯೋಚನೆಯನ್ನು ಗಟ್ಟಿಯಾಗಿ ಹೇಳುತ್ತ ಮಾಡಿ ತೋರಿಸಬೇಕು, ದಾರಿ ತಪ್ಪಿ ಮರಳಿದ್ದನ್ನೂ ಮುಚ್ಚಿಡದೆ: “ತಟ್ಟೆ ಬೋರಲು ಅಂದರೆ ಊಟವಾಗಿಲ್ಲ ಅಂದುಕೊಂಡೆ... ಇರಲಿ, ತೊಳೆದಿಟ್ಟಿರಲೂಬಹುದು.” ಎರಡನೇ ವಾರ ಎಲ್ಲರೂ ಸೇರಿ. ಮೂರನೇ ವಾರ ಪದ್ಯ ಮತ್ತು ಮೊದಲ ಎರಡು ಪರಿಭಾಷೆ. ನಾಲ್ಕರಲ್ಲಿ ಮೂರು ವಾಕ್ಯದ ಬರಹ, ಜೋಡಿಯಾಗಿ. ಐದರಲ್ಲಿ ಅದೇ ಬರಹ, ಒಬ್ಬೊಬ್ಬರೇ. ಆರನೇ ವಾರ ಕಂಡಿರದ ಪಠ್ಯದ ಮೇಲೆ 80ರಿಂದ 100 ಪದಗಳ ಒಂದು ಪ್ಯಾರಾ. ಎರಡನೇ ವಾರದಿಂದ ನೇರವಾಗಿ ಐದಕ್ಕೆ ಹಾರಿದರೆ ಚರ್ಚೆಯಲ್ಲಿ ಮಿಂಚಿದ ನಾಲ್ಕೈದು ಮಕ್ಕಳಷ್ಟೇ ಬರೆಯುತ್ತಾರೆ, ಉಳಿದವರು ಅವರ ಮಾತನ್ನು ಇಳಿಸಿಕೊಳ್ಳುತ್ತಾರೆ.

ಮೊದಲ ವಾರದ ಏಳು ನಿಮಿಷದ ಬರಹವನ್ನು ಎತ್ತಿಟ್ಟುಕೊಂಡಿರಿ. ಆರನೇ ವಾರ ಎರಡೂ ಹಾಳೆಗಳನ್ನು ಮಗುವಿನ ಕೈಗೆ ಕೊಟ್ಟು, ಕಥೆ ಹೇಳಿದ ವಾಕ್ಯಕ್ಕೆ ಒಂದು ಬಣ್ಣ, ಪುರಾವೆಗೆ ಒಂದು, ಕೊಂಡಿಗೆ ಒಂದು ಎಂದು ಬಣ್ಣ ಹಚ್ಚಿಸಿ. ಕೊಂಡಿಯ ಬಣ್ಣ ಎಲ್ಲೂ ಕಾಣದ ಹಾಳೆಗಳನ್ನು ಬೇರೆ ತೆಗೆಯಿರಿ. ಆ ಮಕ್ಕಳನ್ನು ಕೂರಿಸಿಕೊಂಡು ಹತ್ತು ನಿಮಿಷ ಬರೀ ಬಾಯಿಮಾತಿನಲ್ಲಿ “ಈ ಪದ ತೆಗೆದರೆ ಏನು ಹೋಗುತ್ತದೆ?” ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ನೀವು ಬರೆದುಕೊಡಿ. ಮುಂದಿನ ಪಠ್ಯಕ್ಕೆ ಅವರು ಶುರು ಮಾಡಬೇಕಾದದ್ದು ಆ ಹಾಳೆಯಿಂದ.